ಮೋಕ್ಷಿತಾಳ ತೆರೆ

ಶಾಂಭವಿ ಟೀಚರೇ,

ನೀವು ತೀರಿಕೊಂಡು ಏಳು ತಿಂಗಳು. ಖಾಲಿ ಸಭೆಗೆ ಅರ್ಥ ಹೇಳುವ ಯಕ್ಷಗಾನದ ವೇಷಧಾರಿಯಂತೆ ಇದನ್ನು ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಮೋಕ್ಷಿತಾಳ ತಾಯಿ ಗಂಗೊಳ್ಳಿ ಬಂದರಿನಿಂದ ನೇರ ಶಾಲೆಗೆ ಬಂದು ಮಗಳ ಟಿ.ಸಿ. ಕೇಳಿದರು.

ಮಾತು ತಡವರಿಸುವ ಆ ಹುಡುಗಿಗಾಗಿ ನೀವು ಕ್ಲಾಸಿನಲ್ಲಿ ಹಳೇ ಬೆಡ್‌ಶೀಟಿನ ತೆರೆ ಹಿಡಿಸಿದಿರಿ. ದಿನಕ್ಕಿಬ್ಬರು ಮಕ್ಕಳು ಸರದಿಯಲ್ಲಿ ಹಿಡಿಯುವುದು, ಅವಳು ಹಿಂದೆ ನಿಂತು ಓದುವುದು, ವಾರಕ್ಕೆ ಒಂದು ಬೆರಳಿನಷ್ಟು ತೆರೆ ಇಳಿಸುವುದು. "ಇದೆಂತ ಟೀಚರೇ, ಪಾಠವೋ ಆಟವೋ?" ಎಂದು ನಕ್ಕವನು ಹೆಡ್ಮಾಷ್ಟ್ರಾದ ನಾನೇ. ನೀವು ಹೋದ ಮೇಲೂ ಮಕ್ಕಳು ಬಿಡಲಿಲ್ಲ.

ಕಳೆದ ವಾರ ಪೋಷಕರೆಲ್ಲ ಕ್ಲಾಸಿಗೆ ಬಂದು ಕೂತಿದ್ದರು. ತೆರೆಯ ಮೇಲಂಚಿನಾಚೆ, ಓದುತ್ತಿದ್ದ ಅವಳ ಹಣೆಯಷ್ಟೇ ಕಾಣುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ಬರಲಿ ಮಹಾರಾಣಿ, ಸಭೆ ಕಾದಿದೆ!" ಎಂದು ಗುಡುಗಿ ತೆರೆಯನ್ನು ಎಳೆದುಬಿಟ್ಟೆ. ಸಾಲಿಗ್ರಾಮ ಮೇಳದ ಚೌಕಿಯಲ್ಲಿ, ವೇಷ ಕಟ್ಟುವವರ ನಡುವೆ ಬೆಳೆದವನು ನಾನು! ರಾವಣನೂ ಮೊದಲು ತೆರೆಯ ಹಿಂದೆಯೇ ಕುಣಿಯುತ್ತಾನೆಂದು ಬಲ್ಲವನು!

"ಸರ್, ನಿಮ್ ಗಂಟ್ಲ್ ನೆನ್ಸಿದ್ರೆ ಮಗು ಮಂಚದಡಿಗ್ ಹೋಯಿ ಕೂಕಂತ್," ಎಂದರು ತಾಯಿ. ಟಿ.ಸಿ.ಗೆ ಸಹಿ ಹಾಕಿಕೊಟ್ಟೆ.

ಕ್ಲಾಸಿಗೆ ಹೋದರೆ ಸುಜನ್, ಪೂಜಿತಾ ಖಾಲಿ ಜಾಗಕ್ಕೆ ತೆರೆ ಹಿಡಿದು ನಿಂತಿದ್ದರು. "ಇವತ್ತ್ ನಮ್ ಸರದಿ ಸರ್. ಮೋಕ್ಷಿತಾ ಬಪ್ಪುವರಿಗೂ ಹಿಡ್ಕಂತೊ. ನೀವ್ ಮಾತ್ರ ಮೆಲ್ಲ ಮಾತಾಡಿ."

ಅವಳು ಇನ್ನು ಬರುವುದಿಲ್ಲವೆಂದು ಹೇಳಬೇಕಿತ್ತು. ಕೊನೇ ಸಾಲಿಗೂ ಮುಟ್ಟುವ ಸ್ವರದ ನಾನು ಕೊನೇ ಸಾಲಿನಲ್ಲೇ ಹೋಗಿ ಕೂತೆ, ಟೀಚರೇ. ಗಂಟೆ ಹೊಡೆಯುವವರೆಗೂ ಅವರು ಹಿಡಿದೇ ಇದ್ದರು. ತೆರೆಯನ್ನು ಒಂದು ಬೆರಳೂ ಇಳಿಸಲಿಲ್ಲ.