ಮನೆಗೊಂದೇ ಸಾಲು

ತಿರ್ಲಾಪುರ,
೧೪ ಅಕ್ಟೋಬರ್ ೨೦೨೪

ಚಿರಂಜೀವಿ ಶಾಂಭವಿ,

ನಿನ್ನ ಅಪ್ಪನ ಆಶೀರ್ವಾದ. ಅಣ್ಣಿಗೇರಿಗೆ ಹೋದ ಮೇಲೆ ಕೆಮ್ಮು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿರುವೆಯಾ? ನಿನ್ನ ಸೋದರಮಾವ ಒತ್ತಾಯ ಮಾಡಿ ಬಡಿಸುವವನಲ್ಲ. ನೀನೇ ಕೇಳಿ ಹಾಕಿಸಿಕೊಳ್ಳಬೇಕು. ಇಲ್ಲಿ ನಾನು ಕ್ಷೇಮ. ನನ್ನವ್ವ, ನಿನ್ನ ಆಯಿ, ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ತಿನ್ನುತ್ತಾಳೆ. ನಿನ್ನ ಫೋನು ಬಂದ್ ಇರುವುದರಿಂದ ಈ ಪತ್ರ. ನೆರೆಮನೆಯ ದಾವೂದಸಾಬರು ಕಡಲೆ ಬೀಜ ತರಲು ಆ ಕಡೆ ಹೊರಟಿದ್ದಾರೆ. ಅವರ ಕೈಯಲ್ಲಿ ಕಳಿಸುತ್ತೇನೆ.

ನಿನ್ನೆ ನಿನ್ನ ಅಣ್ಣನ ಶಿವಗಣಾರಾಧನೆ ಮುಗಿಯಿತು. ಮಣ್ಣಾದ ಮರುದಿನವೇ ನೀನು ಹೊರಟುಹೋದದ್ದರಿಂದ ನಡೆದದ್ದನ್ನು ತಿಳಿಸಬೇಕಾಗಿದೆ. ಪ್ರಸಾದಕ್ಕೆ ಮುನ್ನ ಎದ್ದು ನಿಂತು, ನೆರೆದವರಿಗೆಲ್ಲ ಕೃತಜ್ಞತೆ ಹೇಳಿದೆ. ಹಳ್ಳಕ್ಕೆ ಇಳಿದು ಸಂಗನಬಸವನನ್ನು ಹುಡುಕಿ ತಂದವರಿಗೆ, ಹೆಗಲು ಕೊಟ್ಟವರಿಗೆ, ಅವನನ್ನು ನಿಮ್ಮ ಅವ್ವನ ಸಮಾಧಿಯ ಬದಿಯಲ್ಲಿ ಕೂರಿಸಿ ಮಣ್ಣು ಕೊಟ್ಟವರಿಗೆ. ಅನಂತರ, ನಿಮ್ಮ ಸಹಾನುಭೂತಿಯನ್ನು ನಾನು ಸ್ವೀಕರಿಸಲಾರೆ ಎಂದೆ. ಎಲೆಗೆ ಉಪ್ಪು ಬಡಿಸುತ್ತಿದ್ದವನೂ ನಿಂತುಬಿಟ್ಟ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸಭೆ ಹೀಗೆ ಮೌನವಾದರೆ ಬಹುಮಾನದ ಢಾಲು ಗೆದ್ದೆನೆಂದೇ ತಿಳಿಯುತ್ತಿದ್ದೆ. ಊಟದ ಹೊತ್ತಿಗೆ ನಾನು ಯಾವುದಾದರೂ ವಿಷಯ ಮಂಡಿಸಲು ತೊಡಗಿದರೆ ನಿನ್ನ ಅಣ್ಣ, "ಅಪ್ಪಾ, ಇಲ್ಲಿ ಢಾಲು ಕೊಡಾವ್ರು ಯಾರೂ ಇಲ್ರಿ, ಸಾರು ಆರತೈತಿ ಉಣ್ರಿ" ಎನ್ನುತ್ತಿದ್ದನಲ್ಲ, ಅದು ನೆನಪಾಯಿತು. ನೆನಪಾದರೂ ಒಳಗೆ ಏನೂ ಅಲುಗಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ದವಡೆಯಂತಿದೆ ನನ್ನ ಎದೆ. ಅದು ಇರಲಿ.

ಹೋಗುವ ಮುನ್ನ ನೀನು ಅಳುತ್ತ ಹೇಳಿದ್ದನ್ನು ನಾನು ಕ್ರಮಕ್ಕೆ ತಂದುಕೊಂಡಿದ್ದೇನೆ; ತಪ್ಪಿದ್ದರೆ ತಿದ್ದು. ಮೇಲಿನ ಊರುಗಳಲ್ಲಿ ಮಳೆ ಸುರಿದು ಹಳ್ಳ ಏರಿದಾಗ ನಮ್ಮೂರಿನವರ ಫೋನಿಗೆ ಎಚ್ಚರಿಕೆ ಬರುವಂತೆ, ರೈತ ಸಂಘದ ಕಚೇರಿಯ ಕಂಪ್ಯೂಟರಿನಲ್ಲಿ ನೀನು ಏರ್ಪಾಡು ಮಾಡಿದ್ದೆ. ಅದರಲ್ಲಿ ಎರಡು ಟೇಬಲ್, ಎಂದರೆ ಪಟ್ಟಿ: ಒಂದರಲ್ಲಿ ಮನೆಗಳು, ಇನ್ನೊಂದರಲ್ಲಿ ಆ ಮನೆಯವರ ಫೋನ್ ನಂಬರುಗಳು. ಮನೆಯ ಸಂಖ್ಯೆ ಎರಡರಲ್ಲಿಯೂ ಇರುವುದರಿಂದ ಅದನ್ನು ಹಿಡಿದು ಜೋಡಿಸಿದರೆ, ಯಾವ ಮನೆಗೆ ಯಾವ ಯಾವ ನಂಬರು ಎಂಬುದು ಸಾಲುಸಾಲಾಗಿ ಬರುತ್ತದೆ. ಮೊದಲ ಪರೀಕ್ಷೆಯ ದಿನ ಎಲ್ಲ ಸಾಲುಗಳಿಗೂ ಸಂದೇಶ ಹೋಯಿತು. "ಮನ್ಯಾಗಿನ ಫೋನೆಲ್ಲಾ ಒಮ್ಮೆಲೆ ಹೊಯ್ಕೊಂಡ್ವು ನೋಡವಾ, ನೀರು ಬಂತೋ ಬೀಗರು ಬಂದ್ರೋ ತಿಳೀಲಿಲ್ಲ" ಎಂದು ದಾವೂದಸಾಬರು ಹೇಳಿ ಸಂಘದವರನ್ನೆಲ್ಲ ನಗಿಸಿದರು. ಅಧ್ಯಕ್ಷ ಈರಬಸಪ್ಪನವರು ಮನೆಗೊಂದೇ ಸಾಕು ಎಂದರು. ನೀನು ಮನೆಗೊಂದೇ ಸಾಲು ಬರುವಂತೆ ಬದಲಿಸಿದೆ. "ಒಂದ ಸಾಲು ಕೊಡು ಅಂದೆ ಅಪ್ಪಾ, ಯಾವ ಸಾಲು ಅಂತ ಹೇಳಲಿಲ್ಲ" ಎಂದೆಯಲ್ಲ, ಆ ಮಾತಿನಲ್ಲಿ ಎಲ್ಲವೂ ಇದೆ. ಯಂತ್ರ ತನಗೆ ಮೊದಲು ಸಿಕ್ಕಿದ್ದನ್ನು ಕೊಟ್ಟಿತು.

ಸರಕಾರದ ಯಾವ ಯೋಜನೆ ಬಂದರೂ ನಮ್ಮ ಮನೆಗಳಲ್ಲಿ ಹಿರಿಯ ಹೆಂಗಸಿನ ನಂಬರನ್ನೇ ಮೊದಲು ಬರೆಸುತ್ತೇವೆ. ಹಾಗೆ ನಮ್ಮ ಮನೆಗೆ ಸಿಕ್ಕಿದ್ದು ಆಯಿಯ ನಂಬರು. ನಿನ್ನ ಅಣ್ಣನದು ಅದರ ಕೆಳಗಿನ ಸಾಲಿನಲ್ಲಿತ್ತು. ಆ ದಿನ ಹಳ್ಳದಾಚೆಯ ಹತ್ತಿ ಹೊಲದಿಂದ ಅವನು ಮೋಟರ್ ಸೈಕಲ್ ಮೇಲೆ ಹೊರಡುವ ಮುನ್ನವೇ ಎಚ್ಚರಿಕೆ ಹೊರಟಿತ್ತು. ಅವನ ಜೇಬಿನಲ್ಲಿ ಫೋನು ಚಾಲೂ ಇತ್ತು. ಊರ ಮೇಲೆ ಒಳ್ಳೆಯ ಬಿಸಿಲು. ನೀರು ಬರುವ ಗುರುತೇ ಇರಲಿಲ್ಲ. ಓದು ಬಾರದ ಆಯಿ ತನ್ನ ಫೋನಿನ ಸದ್ದು ಕೇಳಿ, ಎಂದಿನಂತೆ ಸಂಜೆ ಮೊಮ್ಮಗ ಬಂದು ಓದಿ ಹೇಳಲಿ ಎಂದು ಅದನ್ನು ದಿಂಬಿನ ಕೆಳಗೆ ಇಟ್ಟಳು.

ಅವಳಿಗೆ ಇದು ತಿಳಿದಿಲ್ಲ. ತಿರುಗಿ ಬಂದು ಅವಳ ಕಾಲು ಹಿಡಿದು ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದೆ ನೀನು. ಹೇಳಿದರೆ ನಿನ್ನ ಎದೆ ಹಗುರಾದೀತು. ಆ ಭಾರ ಯಾರ ಮೇಲೆ ಇಳಿಯುತ್ತದೆ ಎಂದು ಯೋಚಿಸಿದೆಯಾ?

ನಿನ್ನೆ ಮುಂಜಾನೆ, ಜನ ಸೇರುವ ಮೊದಲು, ಈರಬಸಪ್ಪನವರು ಪಡಸಾಲೆಯಲ್ಲಿ ಕುಳಿತು, "ಸಣ್ಣ ಹುಡುಗಿ ಕೈಯಾಗ ಇಂಥಾ ಕೆಲಸಾ ಕೊಟ್ಟದ್ದ ತಪ್ಪಾತ್ರಿ. ನಿಮ್ಮ ಮನೀಗೆ ಮೆಸೇಜ್ ಬಂದಿರಾಕಿಲ್ಲ" ಎಂದರು. ದಾವೂದಸಾಬರು ಸುಮ್ಮನಿರಲಿಲ್ಲ: "ಓಣಿಗೆಲ್ಲಾ ಬಂದೈತಿ, ಇವರಿಗಷ್ಟ ಬರೂದಿಲ್ಲೇನ್ರಿ? ಹುಡುಗಿಗೆ ಅನ್ನೂಕಿಂತ ಮೊದಲ, ಯಾರ ಫೋನಿಗೆ ಬಂದಿತ್ತು ಕೇಳ್ರಿ." ಬಾಗಿಲ ಹಿಂದೆ ಕುಳಿತಿದ್ದ ಆಯಿ, "ಮಡಿವಾಳಾ, ಅವತ್ತ ನನ್ನ ಫೋನು ಟಿಣ್ ಅಂದಿತ್ತಲೋ. ಸಂಗ್ಯಾ ಬಂದ ಓದಲಿ ಅಂತ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ನಾನು, "ಅದು ಗ್ಯಾಸಿನವರದವ್ವಾ" ಎಂದೆ. "ಹೌದೇನು" ಎಂದು ಒಳಗೆ ಹೋದಳು. ಈರಬಸಪ್ಪನವರು ನನ್ನ ಮುಖವನ್ನೇ ನೋಡುತ್ತಿದ್ದರು. ಪ್ರಶ್ನೆ ಹಾಗೆಯೇ ಉಳಿಯಿತು. ಉತ್ತರ ಕೊಡದಿದ್ದರೆ ಊರು ತಾನೇ ಒಂದು ಉತ್ತರ ಹುಡುಕಿಕೊಳ್ಳುತ್ತದೆ. ಹುಡುಕಿದರೆ ನೀನು ಸಿಗುತ್ತೀ, ಇಲ್ಲವೇ ಅವಳು.

ನಿನ್ನ ಮಾವನಿಗೂ ಮನೆಯವರಿಗೂ ನನ್ನ ಶರಣಾರ್ಥಿ ತಿಳಿಸು. ನಿನಗೆ ಆಯುಷ್ಯವಿರಲಿ, ಬೇರೆ ಏನನ್ನು ಹರಸಬೇಕೋ ಈಗ ತೋಚುತ್ತಿಲ್ಲ.

ನಿನ್ನ ಅಪ್ಪ,
ಮಡಿವಾಳೆಪ್ಪ

ತಾ.ಕ.: ದಾವೂದಸಾಬರು ಟಂಟಂ ಗಾಡಿ ಚಾಲೂ ಮಾಡಿ ಕರೆಯುತ್ತಿದ್ದಾರೆ. ಅವರ ಬಾಯಿಂದ ಕೇಳುವ ಮೊದಲು ಇದನ್ನು ನೀನು ನನ್ನಿಂದಲೇ ತಿಳಿಯಬೇಕು. ಸಹಾನುಭೂತಿ ಬೇಡವೆಂದ ಮೇಲೆ ಸಭೆಗೆ ಕಾರಣವನ್ನೂ ಹೇಳಿದೆ: ಎಚ್ಚರಿಕೆ ನನ್ನ ಫೋನಿಗೆ ಬಂದಿತ್ತು, ನಾನು ಓದಿದೆ, ಬಿಸಿಲನ್ನು ನೋಡಿ ಅಲಕ್ಷ್ಯ ಮಾಡಿದೆ, ಮಗನಿಗೆ ತಿಳಿಸಲಿಲ್ಲ. ಊರು ನಂಬಿತು. ಆಯಿಯೂ ನಂಬಿದಳು, ಆಗಿನಿಂದ ನನ್ನೊಡನೆ ಮಾತಾಡಿಲ್ಲ. ಅವಳ ಫೋನಿನಲ್ಲಿದ್ದ ಸಂದೇಶವನ್ನು ಅಳಿಸಿದ್ದೇನೆ. ಅದು ಯಾರಿಗೆ ಹೋಯಿತೆಂಬುದು ಇನ್ನು ನಿನ್ನ ಕಂಪ್ಯೂಟರಿಗೆ ಮಾತ್ರ ಗೊತ್ತು. ಯಾರು ಕೇಳಿದರೂ ತೆಗೆದು ತೋರಿಸಬೇಡ. ಬರುವ ಸೋಮವಾರದೊಳಗೆ ಬಂದು, ಯಾರು ನಕ್ಕರೂ ಸರಿ, ಮನೆಯ ಎಲ್ಲ ನಂಬರುಗಳಿಗೂ ಹೋಗುವಂತೆ ಮಾಡು. ನಿನ್ನನ್ನು ಕೇಳಿ ಹೀಗೆ ಮಾಡಲಿಲ್ಲ, ಯಾರನ್ನೂ ಕೇಳಲಿಲ್ಲ. ಅವಳು ಬದುಕಿರುವವರೆಗೆ ನಮ್ಮ ಮನೆಗೆ ಬಂದ ಆ ಒಂದು ಸಾಲು ನನ್ನದು.