ಗಸ್ತು ಗಾಡಿಯ ಹಾರ್ಟ್ ಮಿಷನ್ನು

ಸೆಪ್ಟೆಂಬರ್ 28, ಬೆಳಿಗ್ಗೆ 7

ಅಕ್ಕನಿಗೆ ಕಾಗದ. ಎಂದಿನಂತೆ ಮೊದಲು ಇಲ್ಲಿ ಬರೆದು, ತಿದ್ದಿ, ಆಮೇಲೆ ನಕಲು.

ಶಿವಬಸಮ್ಮಕ್ಕಾ, ಮೊಣಕಾಲು ಹೇಗಿದೆ? ಮಗ ಹಂಪೇಶನ ಬಿ.ಪಿ. ಇಳಿಯಿತೇ? ಸೊಸೆ ರಶ್ಮಿಯ ಕೆಮ್ಮು ನಿಂತಿತೇ? ಸಿರುಗುಪ್ಪದಲ್ಲಿ ಭತ್ತ ಚೆನ್ನಾಗಿದೆ ಅಂತ ಕೇಳಿದೆ. ಸಂತೋಷ. ಇಲ್ಲಿ ಪಾರ್ವತಿನಗರದಲ್ಲಿ ನಾನು ಕ್ಷೇಮ.

ವಿಷಯ — ನಿನ್ನ ಯಜಮಾನರ, ನಮ್ಮ ಮಾವನ ಹೆಸರಿನ ಹಾರ್ಟ್ ಮಿಷನ್ನು ಕೊನೆಗೂ ಪೊಲೀಸ್ ಗಸ್ತು ಗಾಡಿ ಹತ್ತಿತು. ಎರಡು ವರ್ಷ ಅರ್ಜಿ ಬರೆದೆ. ಕುರುಗೋಡು ಬಸ್ ಸ್ಟ್ಯಾಂಡಿನಲ್ಲಿ ಮಾವ ಬಿದ್ದಾಗ ಪೊಲೀಸ್ ಗಾಡಿ ಮೂರು ನಿಮಿಷಕ್ಕೆ ಬಂದಿತ್ತು. ಆಂಬ್ಯುಲೆನ್ಸ್ ಅರ್ಧ ಗಂಟೆಗೆ. ಗಾಡಿಯಲ್ಲಿ ಇದ್ದದ್ದು ಲಾಠಿ, ಹಗ್ಗ, ಟಾರ್ಚು. ತಾಳ ತಪ್ಪಿದ ಗುಂಡಿಗೆಗೆ ಶಾಕ್ ಕೊಟ್ಟು ದಾರಿಗೆ ತರುವ ಈ ಪೆಟ್ಟಿಗೆ ಆವತ್ತು ಇದ್ದಿದ್ದರೆ... ಇರಲಿ. ನಿಮ್ಮೂರ ಅಕ್ಕಿ ಗಿರಣಿಯವರು ಕೊಡಿಸಿದರು. ಮೇಲೆ ‘ದಿ. ದೊಡ್ಡಬಸಪ್ಪನವರ ಸ್ಮರಣಾರ್ಥ’ ಎಂದಿದೆ.

ಠಾಣೆ ಯಾವುದೆಂದು ಬರೆಯಲಾರೆ. ಮೂವತ್ತೆರಡು ವರ್ಷ ಜೀಪು ಓಡಿಸಿ ಅನ್ನ ಉಂಡ ಜಾಗ.

ಅಕ್ಟೋಬರ್ 1, ಆಯುಧ ಪೂಜೆ

ಠಾಣೆಗೆ ಕರೆದಿದ್ದರು. ಹಳೆಯ ಡ್ರೈವರ್, ಪೂಜೆ ನನ್ನ ಕೈಯದೇ. ಗಾಡಿಗೆ ಬಾಳೆಕಂದು, ಕುಂಬಳಕಾಯಿ. ರೈಫಲ್‌ಗಳಿಗೆ ವಿಭೂತಿ. ಮಿಷನ್ನಿಗೂ. ಆಯುಧವನ್ನು ಒರೆಯಲ್ಲಿಟ್ಟು ಪೂಜಿಸಬಾರದು, ಬಿಚ್ಚಿಟ್ಟೇ ಪೂಜಿಸಬೇಕು — ಇಲ್ಲಿಯ ಪದ್ಧತಿ. ಪ್ಯಾಡಿನ ಕವರು ಹರಿದೆ. ಎದೆಗೆ ಅಂಟಿಸುವ ಎರಡೂ ಪ್ಯಾಡುಗಳ ಹಾಳೆ ಸುಲಿದು ಮೂರು ಬೆರಳು ವಿಭೂತಿ ಎಳೆದೆ.

ಕಾನ್‌ಸ್ಟೇಬಲ್ ಮೀನಾ ನಕ್ಕಳು. “ಅದಕ್ಕೂ ದೀಕ್ಷಾ ಕೊಟ್ರೇನ್ರಿ ಯಜಮಾನ್ರ?”

“ನಗಬ್ಯಾಡವ್ವ. ಜೀವ ಉಳಸೂ ಮಾಲು ಅದು.”

ಅಕ್ಕನಿಗೆ ಫೋಟೋ ಕಳಿಸಿದೆ.

ಅಕ್ಟೋಬರ್ 4

ಮೀನಾ ಫೋನ್. ಮಿಷನ್ನಿನ ಹಸಿರು ದೀಪ ಕೆಂಪಾಗಿದೆಯಂತೆ. ತರಬೇತಿ ಕೊಟ್ಟ ಡಾಕ್ಟರು ತಲೆಯ ಮೇಲೆ ಕೈ ಇಟ್ಟುಕೊಂಡರಂತೆ. ಪ್ಯಾಡಿನ ಅಂಟು ಗಾಳಿಗೆ ಒಣಗಿಹೋಗಿದೆ. ಆ ಕವರು ಹರಿಯಬೇಕಾದ್ದು ಮನುಷ್ಯ ಬಿದ್ದಾಗ ಮಾತ್ರ. ಜೊತೆಗಿದ್ದ ಪುಸ್ತಕ ಇಂಗ್ಲಿಷಿನದು. ಕನ್ನಡವನ್ನೇ ನಾನು ಅಂಗಡಿಯ ಬೋರ್ಡು ನೋಡಿ ಕಲಿತವನು. ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಅಕ್ಟೋಬರ್ 13

ಸ್ಟೋರು ನೋಡಿಕೊಳ್ಳುವ ಮಾರೆಣ್ಣ ರಿಜಿಸ್ಟರ್ ತಿರುವಿದ.

“ದಾನದ ಮಾಲು ಇದು. ನಮ್ ಸ್ಟಾಕಿನ್ಯಾಗ ಇಲ್ಲ. ಇಲ್ದ ಮಿಷನ್ನಿಗೆ ಪ್ಯಾಡ್ ಹೆಂಗ್ ಕೇಳಾಕ ಬರ್ತೈತಿ ಅಣ್ಣ?”

“ಸ್ಟಾಕಿಗೆ ತಗೋಲೇ.”

“ತಗೊಳ್ಳಾಕ ಮಿಷನ್ ಸರಿ ಐತಿ ಅಂತ ಸರ್ಟಿಫಿಕೇಟ್ ಬೇಕು. ಕೆಂಪು ದೀಪ ಉರಿಯಾಕತ್ತೈತಿ.”

“ಪ್ಯಾಡ್ ಬಂದ್ರ ಹಸಿರಾಗ್ತೈತಿ.”

“ಹಸಿರಾದ್ರ ಪ್ಯಾಡಿಗೆ ಬರೀತೀನಿ.”

ಚಹಾ ಕುಡಿಸಿ ಕಳಿಸಿದ. ಅದೊಂದಕ್ಕೆ ಸರ್ಟಿಫಿಕೇಟ್ ಬೇಕಾಗಲಿಲ್ಲ.

ಅಕ್ಟೋಬರ್ 22

ನಾನೇ ಕೊಳ್ಳುತ್ತೇನೆಂದು ಡೀಲರಿಗೆ ಫೋನ್ ಮಾಡಿದೆ. ಬಿಲ್ಲು ಗಿರಣಿಯವರ ಹೆಸರಿನಲ್ಲಿದೆ, ಅವರೇ ಕೇಳಬೇಕಂತೆ. ಅವರಿಗೆ ಹೇಳಿದರೆ ಸಂಜೆಯೊಳಗೆ ಅಕ್ಕನ ಕಿವಿಗೆ. ನನ್ನ ತಮ್ಮನೇ ಕೆಡಿಸಿದ ಅಂತ ಅವಳು... ಹೇಳಲಿಲ್ಲ. ಮೇಲಿನ ಆಫೀಸಿಗೆ ಮತ್ತೊಂದು ಅರ್ಜಿ ಹಾಕಿದೆ. ಬೆಲ್ಟು ಕಟ್ಟಿದ ಪೊಲೀಸರು ಅರ್ಜಿಗೆ ಬೇಗ ಉತ್ತರ ಕೊಡುತ್ತಾರೆಂದು ಯಾರು ನಂಬಬೇಕು.

ನವೆಂಬರ್ 6, ಮಧ್ಯಾಹ್ನ

ಆಗಬಾರದ್ದು ಆಯಿತು. ಕಂಟೋನ್ಮೆಂಟಿನಲ್ಲಿ ಚಹಾ ಅಂಗಡಿಯ ಎದುರು ಗಾದಿಲಿಂಗ ಎಂಬ ಜೀನ್ಸ್ ಟೈಲರ್ ಬಿದ್ದ. ವಯಸ್ಸು ನಲವತ್ತನಾಲ್ಕು. ಗಾಡಿ ನಾಲ್ಕು ನಿಮಿಷಕ್ಕೆ ಮುಟ್ಟಿತು. ಗೊತ್ತಿದ್ದೂ ಮೀನಾ ಪೆಟ್ಟಿಗೆ ತೆಗೆದಳು. ಪ್ಯಾಡು ಅಂಟಲಿಲ್ಲ, ಬೆವರಿನ ಮೇಲೆ ಜಾರಿತು. ಅದನ್ನು ಬಿಸುಟು ಬರಿಗೈಯಲ್ಲಿ ಎದೆ ಒತ್ತಿದಳು — ಹತ್ತೊಂಬತ್ತು ನಿಮಿಷ. ಆಂಬ್ಯುಲೆನ್ಸಿನವರ ಶಾಕಿಗೆ ನಾಡಿ ಬಂತು. ಐ.ಸಿ.ಯು.ನಲ್ಲಿದ್ದಾನೆ. ಪ್ರಜ್ಞೆ ಇಲ್ಲ. ಶಾಕ್ ಕೊಡುವುದು ತಡವಾಯಿತು, ಮಿದುಳಿನ ಬಗ್ಗೆ ಈಗಲೇ ಏನೂ ಹೇಳಲಾಗದು ಅಂದರು ಡಾಕ್ಟರು.

ಸಂಜೆ 6

ಆಸ್ಪತ್ರೆಗೆ ಹೋದೆ. ಗಾದಿಲಿಂಗನ ಹೆಂಡತಿ ಜಡೆಮ್ಮ ನನ್ನ ಎರಡೂ ಕೈ ಹಿಡಿದುಕೊಂಡಳು. ಪೆಟ್ಟಿಗೆ ಹೊರತೆಗೆದದ್ದನ್ನೂ ಅದು ನನ್ನ ಅರ್ಜಿಯಿಂದ ಬಂದದ್ದನ್ನೂ ಯಾರೋ ಹೇಳಿದ್ದರಂತೆ.

“ನೀವು ಕೊಡಿಸಿದ್ ಮಿಷನ್ನೇ ಉಳಿಸೈತ್ರಿ ಯಪ್ಪಾ. ಯಾರ್ ಹೆಸರಿಂದು ಅಂತ ಹೇಳ್ರಿ, ದೀಪ ಹಚ್ತೀನಿ.”

ಮಾವನ ಹೆಸರು ಹೇಳಿಬಿಟ್ಟೆ.

ಮೀನಾ ಗೋಡೆಗೆ ಒರಗಿ ಮಣಿಕಟ್ಟು ತಿಕ್ಕಿಕೊಳ್ಳುತ್ತಿದ್ದಳು. ನನ್ನನ್ನು ನೋಡಿದಳು. ಟೋಪಿ ಎತ್ತಿಕೊಂಡು ಗಾಡಿಯ ಕಡೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 7, ಬೆಳಿಗ್ಗೆ 6

ಅಕ್ಕಾ, ಮಿಷನ್ನು ಕೆಡಿಸಿದವನು ನಾನು. ಕೆಟ್ಟಿದೆ ಎಂದು ತಿಂಗಳಿಗೂ ಮೇಲೆ ನಿನ್ನಿಂದ ಮುಚ್ಚಿಟ್ಟವನೂ ನಾನು. ಕೆಡಿಸಿದ್ದಕ್ಕಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪು. ಗಾದಿಲಿಂಗನನ್ನು ಇಲ್ಲಿಯ ತನಕ ತಂದದ್ದು ಮೀನಾಳ ಕೈ. ಇವತ್ತು ಹತ್ತಕ್ಕೆ ಜಡೆಮ್ಮನ ಎದುರು ನಿಂತು ಹೇಳುತ್ತೇನೆ. ಅವಳು ಏನಂದರೂ ಕೇಳಿಸಿಕೊಳ್ಳುತ್ತೇನೆ.

ಗಿರಣಿಯವರ ಹತ್ತಿರ ನೀನೇ ಹೋಗು. ಅವರು ಡೀಲರಿನ ಹತ್ತಿರ ಪ್ಯಾಡು ಕೇಳಲಿ, ಒಂದು ಜೊತೆಯಲ್ಲ, ಎರಡು. ನನ್ನ ಹೆಸರು ಹೇಳಿಯೇ ಕೇಳು.

ಬೈದೇ ಬರೆ, ಆದರೆ ಬೇಗ ಬರೆ ಅಕ್ಕಾ. ಎಂಟಕ್ಕೆ ಗಾಡಿ ಗಸ್ತಿಗೆ ಹೊರಡುತ್ತದೆ, ಆ ಪೆಟ್ಟಿಗೆಯ ದೀಪ ಇವತ್ತೂ ಕೆಂಪೇ.