ಅಕ್ಕ ಹೂಂ ಎಂದದ್ದು ಟೀಗೆ

ಪೊಲೀಸರ ಮೇಲಿನ ದೂರುಗಳಿಗೆ ಕಿವಿಗೊಡುವ ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಕ ನಿಮ್ಮ ಕಚೇರಿಯಲ್ಲಿ ತನ್ನ ದೂರನ್ನು ಹಿಂತೆಗೆದುಕೊಂಡಿಲ್ಲ. ಅವಳು ಒಪ್ಪಿಕೊಂಡದ್ದು ಒಂದು ಲೋಟ ಟೀಗೆ. ಆ ಟೀ ಕೂಡ ಬರಲಿಲ್ಲ ಎಂಬುದು ಬೇರೆ ಮಾತು.

ಅಕ್ಕ ಫುಟ್‌ಪಾತಿನ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕುವವಳು. ಜಾಗ ಖಾಲಿ ಮಾಡಿಸಲು ಬಂದ ಪೇದೆಯವರು ಮೊದಲು ಯಂತ್ರವನ್ನು ಬೂಟುಗಾಲಿನಿಂದ ವಿಚಾರಿಸಿಕೊಂಡರು. "ಯಾಕ್ ಸಾರ್ ಒದೀತೀರಾ? ಹೇಳಿದ್ರೆ ನಾನೇ ಎತ್ತಿಡ್ತಿದ್ನಲ್ಲ" ಎಂದದ್ದಕ್ಕೆ ಅವಳ ಕೆನ್ನೆಗೂ ಬಿಗಿದರು. ಅಂದಿನಿಂದ ಎಡಗಿವಿ ಕೇಳಿಸುವುದಿಲ್ಲ. ದೂರು ಇಷ್ಟೇ.

ದೂರುದಾರರು ಹೆದರಬಾರದೆಂದು ಧೈರ್ಯಕ್ಕೊಬ್ಬ ಜೊತೆಗಾರನನ್ನು ಕರೆತರಬಹುದೆಂದು ನಿಮ್ಮ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದೀರಿ. ಎಂಥ ಉದಾರತೆ! ನಾನು ರಜೆ ಹಾಕಿ ಹೋದೆ. ಒಳಗೆ ಕೂತ ಮೇಲೆ ಗುಮಾಸ್ತರು ನಿಯಮದ ಉಳಿದರ್ಧ ಹೇಳಿದರು: ಜೊತೆಗಾರ ಬಾಯಿ ಬಿಡುವಂತಿಲ್ಲ. ಮಾನ್ಯರೇ, ನಾನು ಬಸ್ ಕಂಡಕ್ಟರ್, ಹಗಲೆಲ್ಲ ಕೂಗಿಯೇ ಅನ್ನ ತಿನ್ನುವವನು. ಬಾಯಿ ಮುಚ್ಚಿಕೊಂಡು ಧೈರ್ಯ ತುಂಬುವುದು ಹೇಗೆಂದು ನಿಮ್ಮ ಇಲಾಖೆ ತರಬೇತಿ ಕೊಡುತ್ತದೆಯೇ? ನಾನು ಕೂತ ಕುರ್ಚಿಗೂ ನನಗೂ ಏನು ವ್ಯತ್ಯಾಸ? ಕುರ್ಚಿಯಾದರೂ ಕಿರುಗುಡುತ್ತಿತ್ತು.

ವಿಚಾರಣಾಧಿಕಾರಿಗಳು ಬಂದು ಅಕ್ಕನ ಎಡಕ್ಕೇ ಕೂತರು. ಕಿವಿಯ ಸಂಗತಿ ದೂರಿನಲ್ಲೇ ಇತ್ತು. ಅವರು ಓದಿರುತ್ತಾರೆಂದು ಭಾವಿಸಿದ್ದು ನಮ್ಮ ತಪ್ಪು. ಬಲಗಡೆ ಫ್ಯಾನು ಗರಗರ ಎನ್ನುತ್ತಿತ್ತು. ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಡುತ್ತ ಅವರು ಗೊಣಗಿದರು: "ದೂರು ವಾಪಸ್ ತಗೋತೀರಾ?"

ಅಕ್ಕನಿಗೆ ಕೇಳಿಸಿದ್ದು ಕೊನೆಯ ಪದ ಮಾತ್ರ. "ಹೂಂ ಸಾರ್, ತಗೋತೀನಿ. ಸ್ವಲ್ಪ ಸಾಕು" ಎಂದಳು.

"ಸಾರ್, ಅಕ್ಕಂಗೆ ಆ ಕಿವಿ..." ಎಂದೆ.

"ಜೊತೆಗೆ ಬಂದೋರು ಸುಮ್ನಿರ್ಬೇಕು" ಎಂದರು ಗುಮಾಸ್ತರು. ಅಕ್ಕ ಹೂಂ ಎಂದದ್ದನ್ನು ಚಕಚಕನೆ ಬರೆದುಕೊಂಡರು. 'ಸ್ವಲ್ಪ ಸಾಕು' ಎಂಬುದನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಬೀದಿಗೆ ಬಂದ ಮೇಲೆ ಅಕ್ಕ, "ಒಳ್ಳೇ ಮನುಷ್ಯ ಕಣೋ, ಟೀ ತಗೋತೀರಾ ಅಂತ ಕೇಳಿದ್ರಲ್ಲ" ಎಂದಳು. ಅವಳ ಬಲಗಿವಿಗೆ ಬಾಯಿಟ್ಟು ನಿಜ ಹೇಳಿದೆ. ನಿಂತಲ್ಲೇ ನಿಂತುಬಿಟ್ಟಳು.

"ಹಾಗಾದ್ರೆ ನಾನೇ ಹೂಂ ಅಂದ್ಬಿಟ್ನಾ?"

ಈಗ ಅವಳು ಪೇದೆಯನ್ನು ಬಯ್ಯುವುದನ್ನು ಬಿಟ್ಟಿದ್ದಾಳೆ. ಯಂತ್ರದ ಮುಂದೆ ಕೂತು ತನ್ನನ್ನೇ ಬಯ್ದುಕೊಳ್ಳುತ್ತಾಳೆ. ಅವಳಿಗೆ ಬಿದ್ದ ಏಟನ್ನಾದರೂ ನಾನು ಸಹಿಸಿದೆ, ಇದನ್ನು ಸಹಿಸಲಾರೆ.

ದೂರನ್ನು ಮತ್ತೆ ತೆರೆಯಿರಿ. ಜೊತೆಗಾರನ ಬಾಯಿಗೆ ಹಾಕಿದ ಬೀಗ ತೆಗೆಯಿರಿ. ಅಕ್ಕನ ಬಲಗಡೆ ಕೂತು, ಫ್ಯಾನು ಆರಿಸಿ, ಇನ್ನೊಮ್ಮೆ ಕೇಳಿ. ಟೀ ನಾನೇ ತರುತ್ತೇನೆ.

ಇಂತಿ,
ನಿಮ್ಮ ಕುರ್ಚಿಗಿಂತಲೂ ಸುಮ್ಮನಿದ್ದ ತಮ್ಮ